‘ಸಂಬಳ ಮತ್ತು ಸರ್ವಿಸ್ ಚಾರ್ಜ್’ ಎಂದು ಕರೆಯುವ ಹೋಟೆಲಿಗೆ ಸೇರುವ ಮೊದಲು

ಮುಂಬಯಿಯ ಹೋಟೆಲುಗಳಲ್ಲಿ ಸ್ಟೀವರ್ಡ್ (ಬಡಿಸುವವರು) ಅಥವಾ ಕ್ಯಾಪ್ಟನ್ (ಅವರ ಮೇಲ್ವಿಚಾರಕರು) ಕೆಲಸ ಹುಡುಕುತ್ತಿರುವ ನಮ್ಮ ಊರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೆಲಸಕ್ಕೆ ಕರೆಯುವವರು ‘ಸಂಬಳ 15,000, ಸರ್ವಿಸ್ ಚಾರ್ಜ್ ಸೇರಿ ಕೈಗೆ 24,000’ ಎಂದರೆ, ಆ 9,000 ಎಲ್ಲಿ ಬರೆದಿದೆ ಎಂದು ಕೇಳಿ. ಎಲ್ಲಿಯೂ ಬರೆದಿಲ್ಲವಾದರೆ ಅದು ಬರುವುದಿಲ್ಲ ಎಂದೇ ತಿಳಿದು ಲೆಕ್ಕ ಹಾಕಿಕೊಳ್ಳಿ. ನನಗೆ ಬರಲಿಲ್ಲ. ನನ್ನ ಜೊತೆಗಿದ್ದ ಯಾರಿಗೂ ಸರಿಯಾಗಿ ಬರಲಿಲ್ಲ.

ನಾನು ಹಾಗೆ ಸೇರಿದ್ದು ಅಂಧೇರಿಯ ದೊಡ್ಡ ರೆಸ್ಟೋರೆಂಟೊಂದಕ್ಕೆ. ಅದಕ್ಕೂ ಮೊದಲು ನಾನು ಮಾಟುಂಗಾದ ಸಣ್ಣ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದೆ. ಅಲ್ಲಿ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಪಕ್ಕ ಗಿರಾಕಿಗಳು ಬಿಟ್ಟುಹೋದ ಚಿಲ್ಲರೆ ಗಲ್ಲೆಯ ಬಳಿಯ ಡಬ್ಬಿಗೆ ಬೀಳುತ್ತಿತ್ತು. ವಾರಕ್ಕೊಮ್ಮೆ ಎಲ್ಲರ ಎದುರಿಗೇ ಅದನ್ನು ಸುರಿದು ಎಣಿಸಿ ಹಂಚುತ್ತಿದ್ದರು. ಹೆಚ್ಚೇನೂ ಇರುತ್ತಿರಲಿಲ್ಲ, ಆದರೆ ಕಣ್ಣೆದುರಿಗೆ ಇರುತ್ತಿತ್ತು. ಅಂಧೇರಿಯ ಮ್ಯಾನೇಜರ್ ಕುಂದಾಪುರ ಕಡೆಯವರು. ನೇಮಕಾತಿ ಪತ್ರ ಕೇಳಿದಾಗ, ‘ತಮ್ಮಾ, ಊರಿನ ಹುಡುಗನಿಗೆ ನಾನು ಮೋಸ ಮಾಡುತ್ತೇನೆಯೇ? ಮೊದಲು ಸೇರು, ಕಾಗದ ಆಮೇಲೆ ಕೊಡಿಸುತ್ತೇನೆ’ ಎಂದರು. ಆ ಕಾಗದ ಕೊನೆಯವರೆಗೂ ಬರಲಿಲ್ಲ.

ಅಲ್ಲಿಯ ಪದ್ಧತಿ ಹೀಗಿತ್ತು. ಪ್ರತಿ ಬಿಲ್ಲಿಗೂ ಶೇಕಡಾ 10ರಷ್ಟು ಸರ್ವಿಸ್ ಚಾರ್ಜ್ ತಾನಾಗಿಯೇ ಸೇರುತ್ತಿತ್ತು. ತಿಂಗಳಿಡೀ ಸೇರಿದ ಮೊತ್ತವನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚಬೇಕು: ಕ್ಯಾಪ್ಟನ್‌ಗೆ ಮೂರು, ಸ್ಟೀವರ್ಡ್‌ಗೆ ಎರಡು, ಅಡುಗೆಮನೆಯ ಸಹಾಯಕರಿಗೆ ಒಂದು. ಪಾಯಿಂಟ್ ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ. ತಂದೂರಿನ ಮುಂದೆ ಬೇಯುವವನಿಗೂ ಪಾತ್ರೆ ತೊಳೆಯುವವಳಿಗೂ ಗಿರಾಕಿಯ ಮುಖ ಕಾಣುವುದೇ ಇಲ್ಲ, ಅವರಿಗೂ ಪಾಲು ಸಿಗಬೇಕಾದದ್ದು ನ್ಯಾಯ. ಆದರೆ ಒಟ್ಟು ಎಷ್ಟು ಸೇರಿತು ಎಂಬುದನ್ನು ಯಾರೂ ನೋಡಲಾಗುತ್ತಿರಲಿಲ್ಲ. ತಿಂಗಳ ಕೊನೆಗೆ ಮ್ಯಾನೇಜರ್ ಬಂದು ‘ಈ ಸಲ ಪಾಯಿಂಟಿಗೆ ಇಷ್ಟು’ ಎಂದು ಬಾಯಲ್ಲಿ ಹೇಳುತ್ತಿದ್ದರು. ಶನಿವಾರ, ಭಾನುವಾರ ಮೇಜು ಖಾಲಿಯಾಗದಷ್ಟು ಜನ ಬಂದ ತಿಂಗಳಲ್ಲಿಯೂ ಪಾಯಿಂಟಿನ ಬೆಲೆ ಇಳಿಯುತ್ತಲೇ ಹೋಯಿತು.

ಅದರ ಮೇಲೆ ಕಡಿತ. ಲೋಟ ಒಡೆದರೆ ಬ್ರೇಕೇಜ್ ಎಂದು ಸರ್ವಿಸ್ ಚಾರ್ಜ್‌ನಿಂದ ಮುರಿದುಕೊಳ್ಳುತ್ತಿದ್ದರು. ಸಮವಸ್ತ್ರ ಒಗೆಸಿದ್ದು ಅದರಿಂದಲೇ, ಬಿಲ್ಲು ಕೊಡದೆ ಎದ್ದುಹೋದ ಗಿರಾಕಿಯ ಊಟದ ಹಣವೂ ಅದರಿಂದಲೇ. ಮೇಜಿನ ಮೇಲಿನ ಕ್ಯೂಆರ್ ಕೋಡ್‌ಗೆ ಹಾಕಿದ ಟಿಪ್ಸ್, ಕಾರ್ಡ್ ಮೆಷಿನ್‌ನಲ್ಲಿ ಬಿಲ್ಲಿಗಿಂತ ಹೆಚ್ಚಾಗಿ ಒತ್ತಿದ ಟಿಪ್ಸ್ ಎಲ್ಲವೂ ಕಂಪನಿಯ ಖಾತೆಗೆ ಹೋಗುತ್ತಿತ್ತು. ಅದರ ಮಾತೇ ಏಳುತ್ತಿರಲಿಲ್ಲ.

ಒಂದು ರಾತ್ರಿ ಊಟ ಮುಗಿಸಿದ ಹಿರಿಯರೊಬ್ಬರು ಬಿಲ್ಲಿನ ಫೋಲ್ಡರ್‌ನೊಳಗೆ 200 ರೂಪಾಯಿಯ ನೋಟು ಇಡುತ್ತಿದ್ದವರು ಕೈ ತಡೆದು, ಸರ್ವಿಸ್ ಚಾರ್ಜ್ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, ‘ಇದು ನಿಮಗೇ ಸಿಗುತ್ತದಲ್ಲ?’ ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಮ್ಯಾನೇಜರ್, ‘ಖಂಡಿತ ಸರ್, ಪೂರ್ತಿ ಹುಡುಗರಿಗೇ’ ಎಂದರು. ಹಿರಿಯರು ಸಮಾಧಾನದಿಂದ ನೋಟನ್ನು ಪರ್ಸಿಗೆ ಹಾಕಿಕೊಂಡು ಎದ್ದರು. ಒಳ್ಳೆಯ ಮನಸ್ಸಿನ ಗಿರಾಕಿಗಳು ಆ ಒಂದು ಸಾಲನ್ನು ನಂಬಿ ಕೈಗೆ ಕೊಡುವುದನ್ನು ಬಿಡುತ್ತಾರೆ. ನಮಗೆ ಆಗುವ ದೊಡ್ಡ ನಷ್ಟ ಅದೇ.

ಮಾಲೀಕರು ಈ ಹಣಕ್ಕೆ ಹೊತ್ತಿಗೊಂದು ಮುಖ ಕೊಡುತ್ತಿದ್ದರು. ಕೆಲಸಕ್ಕೆ ಕರೆಯುವಾಗ ಅದು ಸಂಬಳದ ಭಾಗ. ಭವಿಷ್ಯ ನಿಧಿಗೂ ಓವರ್‌ಟೈಮ್‌ಗೂ ಅದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದರೆ ‘ಅದು ಸಂಬಳವಲ್ಲ, ಗಿರಾಕಿಗಳು ಕೊಟ್ಟದ್ದು’. ಹಾಗಾದರೆ ಪೂರ್ತಿ ನಮಗೆ ಕೊಡಿ ಎಂದರೆ ‘ಅದು ಹೋಟೆಲಿನ ಆದಾಯ’.

ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆ, ಅರ್ಧ ಮಾತ್ರ. ಐಟಿಸಿ ಕಂಪನಿಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟವಾಗಿ ಹೇಳಿದೆ: ಟಿಪ್ಸ್ ಗಿರಾಕಿ ಕೊಡುವ ಹಣ, ಮಾಲೀಕರು ಕೊಡುವ ಸಂಬಳವಲ್ಲ, ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಹೋಟೆಲು ನೌಕರರಿಗೆ ಹಂಚಲೆಂದು ವಿಶ್ವಸ್ತನ ಸ್ಥಾನದಲ್ಲಿ ಇಟ್ಟುಕೊಂಡಿರುತ್ತದೆ. ಆದರೆ ಆ ಪ್ರಕರಣ ಟಿಪ್ಸನ್ನು ಸಂಬಳವೆಂದು ಹಿಡಿದು ಮಾಲೀಕರು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೇ ಎಂಬ ವಿವಾದ, ಹಂಚಿಕೆಯದಲ್ಲ. ಹಂಚಿಕೆಯ ಲೆಕ್ಕ ತೋರಿಸಲೇಬೇಕು ಎಂದು ಮಾಲೀಕರನ್ನು ಕಟ್ಟಿಹಾಕುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ ಟಿಪ್ಸನ್ನು ಪೂರ್ತಿಯಾಗಿ, ನ್ಯಾಯವಾಗಿ ನೌಕರರಿಗೆ ಹಂಚಬೇಕೆಂಬ ಕಾಯ್ದೆ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿಯೂ ಅದು ಬರಬೇಕು ಎಂದು ನಾನು ಬಲವಾಗಿ ಹೇಳುತ್ತೇನೆ.

ನಮ್ಮಲ್ಲಿ ಬಂದಿರುವುದು ಗಿರಾಕಿಗಳ ರಕ್ಷಣೆ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅದರ ಮೇಲೆ ಮೇಲ್ಮನವಿಯೂ ಸಲ್ಲಿಕೆಯಾಗಿದೆ. ನಮ್ಮಲ್ಲಿ ಆದದ್ದೇನೆಂದರೆ, ಗಿರಾಕಿಗಳ ತಕರಾರು ಹೆಚ್ಚಾದಾಗ ಬಿಲ್ಲಿನ ಆ ಸಾಲಿಗೆ ‘ಸ್ಟಾಫ್ ವೆಲ್‌ಫೇರ್’ ಎಂಬ ಹೊಸ ಹೆಸರು ಬಂತು. ಶೇಕಡಾ 10 ಹಾಗೆಯೇ ಉಳಿಯಿತು. ನಮಗೆ ಮಾತ್ರ ‘ಸರ್ವಿಸ್ ಚಾರ್ಜ್ ನಿಂತುಹೋಗಿದೆ, ಇನ್ನು ಪಾಯಿಂಟ್ ಇಲ್ಲ’ ಎಂದರು. ನಮ್ಮ ಹೆಸರಿನಲ್ಲಿಯೇ ವಸೂಲಾಗುತ್ತಿದ್ದ ಹಣ ಅದು.

ಇದನ್ನು ಕೇಳಿ ಕೆಲಸ ಬಿಟ್ಟೆ. ಕೊನೆಯ ತಿಂಗಳ ಸಂಬಳವನ್ನೂ ತಡೆಹಿಡಿದರು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಎಂಬ ಕೇಂದ್ರ ಕಾಯ್ದೆಯ ಪ್ರಕಾರ ಕೆಲಸ ಬಿಟ್ಟವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಒಡೆದದ್ದಕ್ಕೆ ವೇತನದಿಂದ ಕಡಿಯಬೇಕಾದರೆ ನೌಕರನ ನಿರ್ಲಕ್ಷ್ಯವೇ ಕಾರಣವಾಗಿರಬೇಕು, ಉತ್ತರ ಹೇಳಲು ಅವನಿಗೆ ಅವಕಾಶ ಕೊಟ್ಟಿರಬೇಕು. ಕಚೇರಿಯಿಂದ ಫೋನ್ ಹೋದ ಮೇಲೆ ಸಂಬಳ ಬಂತು. ಸರ್ವಿಸ್ ಚಾರ್ಜ್ ವಿಷಯ ಬಂದಾಗ ಅಧಿಕಾರಿ ಕೇಳಿದ್ದು ಒಂದೇ: ‘ಇದನ್ನು ಕೊಡುತ್ತೇವೆ ಎಂದು ಅವರು ಎಲ್ಲಿ ಬರೆದುಕೊಟ್ಟಿದ್ದಾರೆ?’

ಆದ್ದರಿಂದ ಸೇರುವ ದಿನವೇ ನೇಮಕಾತಿ ಪತ್ರ ಕೇಳಿ. ಹೊಸ ಕಾರ್ಮಿಕ ಸಂಹಿತೆಗಳು ಅದನ್ನು ಕಡ್ಡಾಯ ಮಾಡಿವೆ, ಯಾರ ಉಪಕಾರವೂ ಅಲ್ಲ. ಪಾಯಿಂಟ್ ಎಷ್ಟು, ಕಾರ್ಡ್ ಮತ್ತು ಯುಪಿಐ ಟಿಪ್ಸ್ ಯಾವ ಖಾತೆಗೆ ಹೋಗುತ್ತದೆ, ತಿಂಗಳ ಒಟ್ಟು ಮೊತ್ತವನ್ನು ಯಾರು ತೋರಿಸುತ್ತಾರೆ ಎಂಬುದು ಅದರಲ್ಲಿರಲಿ. ಬರೆದುಕೊಡಲು ಒಪ್ಪದಿದ್ದರೆ ವಾಟ್ಸ್ಆ್ಯಪ್‌ನಲ್ಲಾದರೂ ಕೇಳಿ ಉತ್ತರ ಪಡೆದು ಇಟ್ಟುಕೊಳ್ಳಿ. ಮನೆ ಬಾಡಿಗೆಯನ್ನೂ ಊರಿಗೆ ಕಳಿಸುವ ಹಣವನ್ನೂ ಮೂಲ ಸಂಬಳದ ಮೇಲೆಯೇ ಲೆಕ್ಕ ಹಾಕಿ. ಟಿಪ್ಸ್ ಸಂಬಳವಲ್ಲವಾದ್ದರಿಂದ ಅದನ್ನು ತೋರಿಸಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತೆಯೂ ಇಲ್ಲ.

ಊಟಕ್ಕೆ ಹೋಗುವವರಲ್ಲಿಯೂ ಒಂದು ವಿನಂತಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್‌ನ ಸಾಲು ಇದ್ದರೆ ತೆಗೆಸಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕೊಡಬೇಕೆನಿಸಿದ್ದನ್ನು ಬಡಿಸಿದವನ ಕೈಗೇ ಕೊಡಿ.

ಅಂಧೇರಿಯಲ್ಲಿ ನನ್ನ ಜೊತೆ ದುಡಿದು ಸಂಬಳ ಬಾಕಿ ಇರುವಾಗಲೇ ಊರಿಗೆ ಹೋದವರು ಇದನ್ನು ಓದುತ್ತಿದ್ದರೆ ಕೈಚೆಲ್ಲಬೇಡಿ. ವೇತನದ ಬಾಕಿಗೆ ಅರ್ಜಿ ಹಾಕಲು ಸಂಹಿತೆಯಲ್ಲಿ ಮೂರು ವರ್ಷದ ಅವಧಿ ಇದೆ. ನಮ್ಮ ಡ್ಯೂಟಿ ಪಟ್ಟಿಯ ಫೋಟೊಗಳು, ಹೆಸರು ಬದಲಾದ ಮೇಲಿನ ಬಿಲ್ಲಿನ ಪ್ರತಿ ನನ್ನ ಬಳಿ ಇವೆ. ಬೇಕಾದವರು ಸಂದೇಶ ಕಳಿಸಿ, ಕೊಡುತ್ತೇನೆ.