ಟೆಸ್ಲಾ ಕಾಯಿಲ್‌ಗೆ ಯಾವ ಸ್ಕೋಪ್: ಹಳೇ ಸಿಆರ್‌ಒ, ಯುಎಸ್‌ಬಿ ಸ್ಕೋಪ್

ಟೆಸ್ಲಾ ಕಾಯಿಲ್ ಅಂದರೆ ಭಾರೀ ವೋಲ್ಟೇಜಿನ ಕಿಡಿ ಹಾರಿಸುವ ಸುರುಳಿ. ಅದಕ್ಕೆ ಸ್ವಿಚ್ಚಿನಂತೆ ದುಡಿಯುವ ಕಿಡಿ ಸಂದನ್ನು, ಅಂದರೆ ಸ್ಪಾರ್ಕ್ ಗ್ಯಾಪನ್ನು, ಟ್ಯೂನ್ ಮಾಡಲು ಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಬೇಕೆನ್ನುವವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ 20 ಮೆಗಾಹರ್ಟ್ಸ್ ಅನಲಾಗ್ ಸಿಆರ್‌ಒ (ಪಿಕ್ಚರ್ ಟ್ಯೂಬಿನ ಹಳೇ ಸ್ಕೋಪ್) ತನ್ನಿ. ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಸ್ಕೋಪನ್ನೂ ಕೊಂಡು, ಎರಡನ್ನೂ ಒಂದೇ ಕಾಯಿಲಿನ ಮುಂದಿಟ್ಟು ನೋಡಿದ ಮೇಲೆ ಹೇಳುತ್ತಿದ್ದೇನೆ.

ನನ್ನ ಕಾಯಿಲ್ ಸುಮಾರು 225 ಕಿಲೋಹರ್ಟ್ಸ್‌ನದು. ಆ ಫ್ರೀಕ್ವೆನ್ಸಿಗೆ ಎರಡೂ ಸಾಕು. 200 ಕಿಲೋಹರ್ಟ್ಸ್‌ಗೇ ನಿಲ್ಲುವ ಅಗ್ಗದ ಕಿಟ್‌ಗಳು ಬೇಡ.

ಯುಎಸ್‌ಬಿ ಸ್ಕೋಪಿನ ಕಾಟ ಒಂದೇ, ಆದರೆ ದೊಡ್ಡದು. ಗ್ಯಾಪ್ ಹೊತ್ತಿದ ಕೂಡಲೇ ಕಿಡಿಯ ರೇಡಿಯೊ ಗದ್ದಲಕ್ಕೆ ಲ್ಯಾಪ್‌ಟಾಪ್ ಜೊತೆಗಿನ ಸಂಪರ್ಕ ಕಡಿದುಹೋಗುತ್ತದೆ. ಸ್ಕೋಪಿನ ಪ್ರೋಬನ್ನು (ಅಳೆಯುವ ತಂತಿ) ಕಾಯಿಲಿಗೆ ಮುಟ್ಟಿಸುವ ಮಾತೇ ಇಲ್ಲ. ದೂರದಲ್ಲಿ ಒಂದು ತುಂಡು ವೈರನ್ನು ಆಂಟೆನಾದಂತೆ ಕಟ್ಟಿದ್ದೆ, ಅಷ್ಟೇ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ಕೇಬಲ್ಲಿಗೆ ಗದ್ದಲ ತಡೆಯುವ ಫೆರೈಟ್ ಮಣಿ ಹಾಕಿದೆ. ಸ್ಕೋಪನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗಿಟ್ಟೆ. ಆಗ ಸಣ್ಣ ಕಿಡಿಗಳನ್ನು ತಾಳಿಕೊಂಡಿತು.

ಗ್ಯಾಪ್ ಸರಿಹೋಗುತ್ತ ಬಂದು ಕಿಡಿ ಉದ್ದವಾದಂತೆ ಮತ್ತೆ ಅದೇ ಕಥೆ. ನೋಡಲೇಬೇಕಾದ ಅಲೆ ಬರುವ ಹೊತ್ತಿಗೇ ಪರದೆ ಸ್ತಬ್ಧ. ಕೇಬಲ್ ಕಿತ್ತು ಚುಚ್ಚಿ, ಸಾಫ್ಟ್‌ವೇರ್ ಮತ್ತೆ ತೆರೆದು, ಟ್ರಿಗರ್ (ಅಲೆಯನ್ನು ಪರದೆಯಲ್ಲಿ ನಿಲ್ಲಿಸುವ ಹೊಂದಿಕೆ) ಮೊದಲಿಂದ ಹೊಂದಿಸಬೇಕು. ಮೇಲಾಗಿ ಅದು ಆಫೀಸ್ ಕೆಲಸದ ಲ್ಯಾಪ್‌ಟಾಪ್.

ಸಿಆರ್‌ಒ ಮುಂದೆ ಈ ಗೋಳಿಲ್ಲ. ಗ್ಯಾಪ್ ಹೊತ್ತಿದಾಗ ಶಕ್ತಿ ಪ್ರೈಮರಿಯಿಂದ (ಗ್ಯಾಪಿನ ಕಡೆಯ ಸುರುಳಿ) ಸೆಕೆಂಡರಿಗೆ (ಉದ್ದ ಕಿಡಿ ಹಾರಿಸುವ ಸುರುಳಿ) ಹರಿದು, ಪ್ರೈಮರಿ ಅಲೆ ಕುಗ್ಗಿ ಸೊನ್ನೆಗಿಳಿಯುತ್ತದೆ. ಗ್ಯಾಪ್ ಆಗಲೇ ಆರಿದರೆ ಶಕ್ತಿ ಸೆಕೆಂಡರಿಯಲ್ಲೇ ಉಳಿಯುತ್ತದೆ. ಆರದಿದ್ದರೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಗ್ಯಾಪನ್ನು ಕಾಯಿಸುತ್ತದೆ. ಪರದೆಯಲ್ಲಿ ಗುಡ್ಡದ ಹಿಂದೆ ಗುಡ್ಡ ಕಾಣುತ್ತದೆ. ಗ್ಯಾಪ್ ಸೆಕೆಂಡಿಗೆ ನೂರಾರು ಸಲ ಹೊತ್ತುವುದರಿಂದ ಸಿಆರ್‌ಒ ಅಲೆಗಳನ್ನು ಒಂದರ ಮೇಲೊಂದು ಬರೆಯುತ್ತದೆ. ಹೆಚ್ಚು ಸಲ ಬರುವ ಆಕಾರ ಹೆಚ್ಚು ಹೊಳೆಯುತ್ತದೆ. ಗ್ಯಾಪಿಗೆ ಗಾಳಿ ಊದಿ ಬೇಗ ಆರಿಸುವ ಬ್ಲೋವರಿನ ವೇಗವನ್ನು ದೂರದ ರೆಗ್ಯುಲೇಟರಿನಿಂದ ಏರಿಸುತ್ತ ಹೋದರೆ ಹಿಂದಿನ ಗುಡ್ಡಗಳು ಕಣ್ಣೆದುರೇ ಮಂಕಾಗುತ್ತವೆ. ಆ ಸುಖ ಬೇರೆಲ್ಲೂ ಇಲ್ಲ! ಗ್ಯಾಪಿನ ಸ್ಕ್ರೂ ಮುಟ್ಟುವ ಮೊದಲು ಮಾತ್ರ ಪವರ್ ತೆಗೆದು, ಕೆಪಾಸಿಟರನ್ನು ಶಾರ್ಟ್ ಮಾಡಲೇಬೇಕು.

ಗ್ಯಾಪಿನ ಅಂತರಕ್ಕೆ ಪುಸ್ತಕದ ಕೋಷ್ಟಕಗಳನ್ನು ನೆಚ್ಚಬೇಡಿ. ಅವು ಸಮುದ್ರಮಟ್ಟದ ಗಾಳಿಗೆ ಬರೆದವು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯೊತ್ತಡ ಶೇ. 10ರಷ್ಟು ಕಮ್ಮಿ, ಹಾಗಾಗಿ ಅದೇ ಅಂತರ ಕಮ್ಮಿ ವೋಲ್ಟೇಜಿಗೇ ಹೊತ್ತುತ್ತದೆ. ನಾನು ತುಸು ಅಗಲಿಸಿದ್ದೇನೆ.

ಸಿಆರ್‌ಒ ಭಾರ. ಅಲೆ ಮಂಕು, ಲೈಟ್ ಆರಿಸಿಯೇ ನೋಡಬೇಕು. ರಾತ್ರಿ ಊಟದ ಮೇಲೆ ಕೂರುವ ನನಗೆ ಅದು ತೊಂದರೆಯೇ ಅಲ್ಲ. ಅಲೆ ಉಳಿಸಿಕೊಳ್ಳಲು ಮೊಬೈಲಲ್ಲಿ ಫೋಟೊ. ಕೊಳ್ಳುವಾಗ ಅಂಗಡಿಯಲ್ಲೇ ಫೋಕಸ್, ಟ್ರಿಗರ್, ಎರಡೂ ಚಾನೆಲ್ ಪರೀಕ್ಷಿಸಿ.

ಕಾಲು ಲಕ್ಷ ಕೈಯಲ್ಲಿದ್ದರೆ ಸ್ವತಂತ್ರ ಡಿಜಿಟಲ್ ಸ್ಕೋಪ್ ಒಳ್ಳೆಯದು. ಒಂದೇ ಕಿಡಿಯನ್ನು ಹಿಡಿದು ನಿಲ್ಲಿಸುತ್ತದೆ. ನನಗೆ ಆ ದುಡ್ಡಲ್ಲಿ ಕೆಪಾಸಿಟರ್, ತಾಮ್ರದ ಕೊಳವೆ ಮೊದಲು. ಯುಎಸ್‌ಬಿ ಸ್ಕೋಪ್ ಈಗ ಆಂಪ್ಲಿಫೈಯರ್ ರಿಪೇರಿಗೆ ಬಳಕೆಯಲ್ಲಿದೆ, ಅಲ್ಲಿ ಅದು ಸೊಗಸಾಗಿ ದುಡಿಯುತ್ತಿದೆ.