ಮೂರು ಎಂಜಿನ್, ಮೂರು ಗಂಟಲು, ಒಂಬತ್ತು ಹಾಳು ಪಾಯಿಂಟ್

ಆಟದ ಹಲಗೆಯ ಮೇಲೆ ಓಡುವ ಮಾದರಿ ರೈಲಿನ ಎಂಜಿನ್ನಿಗೆ ಸದ್ದು ಕೊಡಿಸಲು ಮೂರು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ: ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಸಂಕೇತ ಓದಿ ಎಂಜಿನ್ ಓಡಿಸುವ, ಸದ್ದು ಮಾಡುವ ಪುಟ್ಟ ಬೋರ್ಡು) ಬೇರೆ ತಂದು, ಸ್ಪೀಕರ್ ಬೇರೆ ತಂದು, ಎಂಜಿನ್ನಿನ ಹೊಟ್ಟೆ ಬಿಚ್ಚಿ ನಾನೇ ಕೂರಿಸಿದ್ದೇ ನನಗೆ ಹಿಡಿಸಿದ್ದು. ಕಾರ್ಖಾನೆಯಲ್ಲೇ ಸದ್ದು ತುಂಬಿಸಿಕೊಂಡು ಬಂದ ಶಂಟಿಂಗ್ ಎಂಜಿನ್ ಒಂದಿದೆ. ಅದನ್ನು ಮನೆಗೆ ತಂದ ದಿನ ನನ್ನನ್ನು ಹಿಡಿಯುವವರಿರಲಿಲ್ಲ. ಈಗ ಅದರ ಮಾತೆತ್ತಿದರೆ ಮನೆಯವರೇ ನಗುತ್ತಾರೆ. ಅಗ್ಗದ ಸೌಂಡ್ ಡಿಕೋಡರ್ ಒಂದನ್ನೂ ನಾಲ್ಕು ತಿಂಗಳು ಓಡಿಸಿ ನೋಡಿದ್ದೇನೆ. ಮೂರೂ ಓಡಿದ್ದು ಒಂದೇ ಹಲಗೆಯ ಮೇಲೆ, ಒಂದೇ ಕಂಟ್ರೋಲರಿನಲ್ಲಿ. ಎಷ್ಟು ಆಂಪಿಯರ್, ಎಷ್ಟು ಫಂಕ್ಷನ್ ಎಂಬುದೆಲ್ಲ ಪೆಟ್ಟಿಗೆಯ ಮೇಲೆಯೇ ಇರುತ್ತದೆ, ಅದನ್ನು ಇಲ್ಲಿ ನಕಲು ಮಾಡುವುದಿಲ್ಲ.

ಹಲಗೆಯ ಬಗ್ಗೆ ಮಾತ್ರ ಹೇಳಲೇಬೇಕು, ಏಕೆಂದರೆ ಜಗಳವೆಲ್ಲ ಹುಟ್ಟಿದ್ದು ಅಲ್ಲೇ. ಎಚ್‌ಒ ಅಳತೆ, ಅಂದರೆ ನಿಜವಾದ ರೈಲಿನ 1:87, ಹಳಿಯ ಅಗಲ 16.5 ಮಿಲಿಮೀಟರ್. ಒಂದು ಸುತ್ತು ಹಳಿ, ಒಳಗೊಂದು ಸಣ್ಣ ಯಾರ್ಡ್, ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಪಾಯಿಂಟ್‌ಗಳು ಒಟ್ಟು ಒಂಬತ್ತು. ಹಳಿ ಹಾಕಿದ ಕಾಲಕ್ಕೆ ನನ್ನ ಬಳಿ ಇದ್ದದ್ದು ಡಿಕೋಡರೂ ಸದ್ದೂ ಇಲ್ಲದ, ಹಳಿಯ ಕರೆಂಟಿನಲ್ಲೇ ನೇರ ಓಡುವ ಡಿಸಿ ಎಂಜಿನ್‌ಗಳು ಮಾತ್ರ. ವೈರಿಂಗ್ ಸುಲಭ ಎಂದು ಪ್ಲಾಸ್ಟಿಕ್ ಫ್ರಾಗ್ (ಹಳಿಗಳು ಒಂದನ್ನೊಂದು ದಾಟುವ ಮೂಲೆ) ಇರುವ ಪಾಯಿಂಟ್‌ಗಳನ್ನೇ ಹಾಕಿದೆ. ಮೇಲಿಂದ ಜಲ್ಲಿ ಸುರಿದು, ಗೋಂದು ಬಿಟ್ಟು, ಕಲ್ಲಾಗಿಸಿದೆ. ಆಗ ಅದೇ ದೊಡ್ಡ ಸಾಧನೆ ಅನ್ನಿಸಿತ್ತು.

ಶಂಟರ್ ಬಂತು. ಕಂಟ್ರೋಲರಿನಲ್ಲಿ ಅದರ ವಿಳಾಸ 3 ಒತ್ತಿ, ಸದ್ದಿನ ಗುಂಡಿ ಎಫ್1 ಒತ್ತಿದ ಕೂಡಲೇ ಸ್ಟಾರ್ಟರ್ ಕೊರೆದು, ಎಂಜಿನ್ ಎರಡು ಸಲ ಕೆಮ್ಮಿ, ಐಡಲ್‌ಗೆ ಇಳಿಯಿತು. ಕಂಪ್ರೆಸರ್ ಮಧ್ಯೆ ಮಧ್ಯೆ ಎದ್ದು ಮಲಗುತ್ತಿತ್ತು. ಸ್ಪೀಕರ್ ಕೂರಿಸಿದ ಕೆಲಸಕ್ಕೆ ನೂರಕ್ಕೆ ನೂರು ಕೊಡಬೇಕು. ನೇರ ಹಳಿಯಲ್ಲಿ ಹತ್ತು ನಿಮಿಷ ಹಿಂದೆ ಮುಂದೆ ಓಡಿಸಿ, ನಾಲ್ಕು ವ್ಯಾಗನ್ ಕಟ್ಟಿ ಯಾರ್ಡಿನ ಕಡೆ ತಿರುಗಿಸಿದೆ.

ಮೊದಲ ಪಾಯಿಂಟಿನ ಮೇಲೆ ಅದು ಸತ್ತಿತು. ಸತ್ತು ಅಲ್ಲೇ ಬಿದ್ದಿದ್ದರೆ ಬೆರಳಿನಿಂದ ತಳ್ಳಿ ಸುಮ್ಮನಾಗುತ್ತಿದ್ದೆ. ಹಾಗಲ್ಲ, ಅರೆಕ್ಷಣ ಕರೆಂಟ್ ತಪ್ಪಿ, ಸದ್ದು ಕತ್ತರಿಸಿದಂತೆ ನಿಂತು, ಮತ್ತೆ ಕರೆಂಟ್ ಸಿಕ್ಕ ಕೂಡಲೇ ಸ್ಟಾರ್ಟರಿನಿಂದ ಶುರು: ಕೊರೆತ, ಎರಡು ಕೆಮ್ಮು, ಐಡಲ್. ಅದು ಮುಗಿಯುವವರೆಗೆ ಗಾಲಿ ತಿರುಗುವುದಿಲ್ಲ. ಮುಗಿದ ಮೇಲೆ ಸೊನ್ನೆಯಿಂದ ನಿಧಾನಕ್ಕೆ ವೇಗ ಹಿಡಿದು, ಒಂದೂವರೆ ಅಂಗುಲ ಹೋಗಿ, ಮುಂದಿನ ಪಾಯಿಂಟಿನ ಮೇಲೆ ಮತ್ತೆ ಅದೇ ನಾಟಕ. ಯಾರ್ಡಿನಲ್ಲಿ ಸಾಲಾಗಿ ನಾಲ್ಕು ಪಾಯಿಂಟ್ ಇವೆ. ಲೆಕ್ಕ ನೀವೇ ಹಾಕಿ.

ಫ್ರಾಗ್ ಎಂದರೆ ಕಪ್ಪೆಯೇನಲ್ಲ. ಎರಡು ಹಳಿಗಳು ಒಂದನ್ನೊಂದು ದಾಟುವ ಮೂಲೆ ಕುದುರೆ ಗೊರಸಿನ ಅಡಿಯ ಭಾಗದಂತೆ ಕಾಣುವುದರಿಂದ ಆ ಹೆಸರು ಎನ್ನುತ್ತಾರೆ. ನನ್ನ ಪಾಯಿಂಟ್‌ಗಳಲ್ಲಿ ಆ ತುಂಡು ಪ್ಲಾಸ್ಟಿಕ್, ಅಲ್ಲಿ ಕರೆಂಟ್ ಇಲ್ಲ. ಉದ್ದದ ಎಂಜಿನ್ ಆದರೆ ಎರಡು ಗಾಲಿ ಸತ್ತ ಜಾಗದಲ್ಲಿದ್ದರೂ ಉಳಿದವು ಕರೆಂಟ್ ಎಳೆಯುತ್ತಿರುತ್ತವೆ. ಮೂರೇ ಅಚ್ಚಿನ ಶಂಟರಿನಲ್ಲಿ ಮೊದಲ ಗಾಲಿಯಿಂದ ಕೊನೆಯ ಗಾಲಿಗೆ 40 ಮಿಲಿಮೀಟರ್ ಇದ್ದರೆ ಹೆಚ್ಚು. ಒಂದು ಗಾಲಿ ಪ್ಲಾಸ್ಟಿಕ್ ಮೇಲೆ, ಒಂದು ಧೂಳಿನ ಮೇಲೆ, ಇನ್ನೊಂದು ಕೂದಲೆಳೆಯಷ್ಟು ಎದ್ದಿದ್ದರೆ ಕಥೆ ಮುಗಿಯಿತು. ಡಿಸಿ ಕಾಲದಲ್ಲೂ ಹೀಗೆ ಆಗುತ್ತಿತ್ತು, ಆದರೆ ಮೋಟರು ಒಂದು ಬಿಕ್ಕಳಿಕೆ ಹಾಕಿ ಮುಂದೆ ಹೋಗುತ್ತಿತ್ತು, ನಾನು ಗಮನಿಸುತ್ತಲೂ ಇರಲಿಲ್ಲ. ಸೌಂಡ್ ಡಿಕೋಡರ್ ಎಂದರೆ ಪುಟ್ಟ ಕಂಪ್ಯೂಟರ್. ಕರೆಂಟ್ ಹೋಗಿ ಬಂದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಏನು ಮಾಡುತ್ತದೋ ಇದೂ ಅದನ್ನೇ ಮಾಡುತ್ತದೆ, ಜೊತೆಗೆ ಊರಿಗೆಲ್ಲ ಕೇಳುವಂತೆ ಮಾಡುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳಿ ಒರೆಸಿದೆ, ಗಾಲಿ ಒರೆಸಿದೆ. ಒಂದು ಸಂಜೆ ಚೆನ್ನಾಗಿ ಓಡಿತು, ಮರುದಿನ ಯಥಾಪ್ರಕಾರ. ಕರೆಂಟ್ ತಪ್ಪಿದ ಕ್ಷಣಕ್ಕೆ ಆಸರೆಯಾಗಲು ಕೆಪಾಸಿಟರ್ ಹಾಕೋಣ ಎಂದು ಮುಚ್ಚಳ ತೆಗೆದರೆ ಒಳಗೆಲ್ಲ ಎರಕದ ತೂಕ, ಬೆರಳಿನ ಉಗುರು ತೂರಿಸಲೂ ಜಾಗವಿಲ್ಲ. ಡಿಕೋಡರಿಗೆ ಸಾಕೆಟ್ಟೇ ಇಲ್ಲ, ಬೋರ್ಡಿನ ಮೇಲೆ ನೇರ ಬೆಸೆದುಬಿಟ್ಟಿದ್ದಾರೆ. ಮಾರಿದವರನ್ನು ಕೇಳಿದರೆ ಎರಡು ಮಾತು: ಬಿಚ್ಚಿದರೆ ವಾರಂಟಿ ಇಲ್ಲ, ಹಳಿ ಸ್ವಚ್ಛವಾಗಿಟ್ಟುಕೊಳ್ಳಿ.

ಕೊನೆಗೆ ಹಲಗೆಯ ಅಂಚಿನ ಮೂರು ಪಾಯಿಂಟ್ ಕಿತ್ತು ಲೋಹದ ಫ್ರಾಗ್ ಇರುವವನ್ನು ಹಾಕಿದೆ. ಪಾಯಿಂಟಿನ ಸರಿಯುವ ಹಳಿ ಯಾವ ಹೊರ ಹಳಿಗೆ ತಾಗಿದೆಯೋ ಆ ಹಳಿಯ ಕರೆಂಟ್ ಫ್ರಾಗಿಗೂ ಸಿಗಬೇಕು, ಅದಕ್ಕೆ ಪಾಯಿಂಟ್ ಮೋಟರಿನ ಜೊತೆಗಿರುವ ಸ್ವಿಚ್ ಸಾಕು. ಆ ಮೂರರ ಮೇಲೆ ಶಂಟರ್ ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತದೆ. ನಾಲ್ಕನೆಯದನ್ನು ಕೀಳಲು ಹೋಗಿ, ಕಲ್ಲಾಗಿದ್ದ ಜಲ್ಲಿಯ ಜೊತೆ ಅಕ್ಕಪಕ್ಕದ ಹಳಿಯೂ ಎದ್ದು ಬಂತು. ಅಂದಿಗೆ ಆ ಸಾಹಸ ನಿಲ್ಲಿಸಿದೆ. ಈಗ ಹಲಗೆ ಕಟ್ಟುತ್ತಿರುವವರಿಗೆ ನನ್ನದೊಂದು ಕೋರಿಕೆ: ಸದ್ದಿನ ಯೋಚನೆ ಇದ್ದರೆ ಜಲ್ಲಿ ಸುರಿಯುವ ಮೊದಲೇ ಲೋಹದ ಫ್ರಾಗ್ ಹಾಕಿ. ಹಾಕಿದ್ದೇ ಆದರೆ ಈ ಹೋಲಿಕೆಯಲ್ಲಿ ಶಂಟರಿನ ಮೇಲೆ ನಾನು ಹೊರಿಸಿದ ಅರ್ಧ ಆರೋಪ ಬಿದ್ದುಹೋಗುತ್ತದೆ.

ಇನ್ನು ಅಗ್ಗದ ಡಿಕೋಡರ್. ಸದ್ದಿಲ್ಲದ ಒಂದು ಡೀಸೆಲ್ ಇತ್ತು, ಅಮೆರಿಕದ ಆಲ್ಕೋ ಕಂಪನಿಯ ಎಂಜಿನ್ನಿನ ಮಾದರಿ, 8 ಪಿನ್ನಿನ ಸಾಕೆಟ್ ಸಮೇತ. ಚುಚ್ಚಿದೆ, ಓಡಿತು. ಬೆಲೆ ನೋಡಿದರೆ ದೂರುವಂತಿಲ್ಲ. ಹಾರ್ನ್ ಹತ್ತಾರು ಬಗೆ ಇದ್ದವು, ಎಂಜಿನ್ ಸದ್ದು ಮಾತ್ರ ಒಂದೇ, ಅದೂ ಅಮೆರಿಕದ ಇನ್ನೊಂದು ಕಂಪನಿ ಇಎಂಡಿಯ 645ರದ್ದು. ತಿಳಿಯದವರಿಗೆ ಡೀಸೆಲ್ ಎಂದರೆ ಡೀಸೆಲ್. ಆದರೆ ಇಎಂಡಿ ಎರಡು ಸ್ಟ್ರೋಕಿನ ಎಂಜಿನ್, ಆಲ್ಕೋ 251 ನಾಲ್ಕು ಸ್ಟ್ರೋಕಿನದು. ಒಂದು ಒಂದೇ ಸಮನೆ ಗುಂಯ್‌ಗುಡುತ್ತದೆ, ಇನ್ನೊಂದು ಐಡಲ್‌ನಲ್ಲಿ ಲಯ ತಪ್ಪಿದ ತಮಟೆಯ ಹಾಗೆ ಗುಡುಗುಡು ಎನ್ನುತ್ತದೆ. (567, 645, 710 ಎಂಬ ಇಎಂಡಿ ಸಂಖ್ಯೆಗಳು ಒಂದೊಂದು ಸಿಲಿಂಡರಿನ ಘನ ಅಂಗುಲ ಗಾತ್ರ. ಆಲ್ಕೋದ 251 ಹಾಗಲ್ಲ, ಅದು ಬರೀ ಮಾದರಿಯ ಸಂಖ್ಯೆ.) ಆಲ್ಕೋ ಮೈಗೆ ಇಎಂಡಿ ಗಂಟಲು ಹಾಕಿ ನಾಲ್ಕು ತಿಂಗಳು ಓಡಿಸಿದೆ. ಗೆಳೆಯರು ಬಂದಾಗ ಹಾರ್ನ್ ಮಾತ್ರ ಒತ್ತುತ್ತಿದ್ದೆ.

ನಿಧಾನ ವೇಗದಲ್ಲಿ ಜಗ್ಗಾಟ. ಹಿನ್ನೆಲೆಯಲ್ಲಿ ಸಣ್ಣ ಸುಂಯ್ ಸದ್ದು. ಪಾಯಿಂಟ್‌ಗಳ ಮೇಲೆ ಒಮ್ಮೆಯೂ ನಿಲ್ಲಲಿಲ್ಲ, ಆದರೆ ಆ ಕೀರ್ತಿ ಡಿಕೋಡರಿಗಲ್ಲ, ಎರಡು ಬೋಗಿಗಳ ಹನ್ನೆರಡು ಗಾಲಿಗಳಿಗೆ.

ಅದೇ ಆಲ್ಕೋಗೆ ಆಮೇಲೆ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಹಾಕಿದೆ. ಈ ಡಿಕೋಡರಿನ ಗುಣವೇನೆಂದರೆ ಒಳಗಿನ ಸದ್ದನ್ನು ಪೂರ್ತಿ ಅಳಿಸಿ ಬೇರೆಯದನ್ನು ತುಂಬಬಹುದು. ಸದ್ದಿನ ಫೈಲುಗಳು ಕಂಪನಿಯ ಜಾಲತಾಣದಲ್ಲಿ ಉಚಿತ, ತುಂಬಲು ಮಾತ್ರ ಲೋಕ್‌ಪ್ರೋಗ್ರಾಮರ್ ಎಂಬ ಪೆಟ್ಟಿಗೆ ಬೇಕು. ಆಲ್ಕೋ 251ರ ಫೈಲ್ ಹಾಕಿ ಎಂಜಿನ್ ಚಾಲೂ ಮಾಡಿದ ರಾತ್ರಿ ಬಹಳ ಹೊತ್ತು ಅದನ್ನು ಓಡಿಸಲೇ ಇಲ್ಲ, ನಿಲ್ಲಿಸಿಕೊಂಡು ಐಡಲ್ ಕೇಳುತ್ತಾ ಕೂತಿದ್ದೆ. ಡ್ರೈವ್ ಹೋಲ್ಡ್ ಎಂಬುದೊಂದಿದೆ: ಅದನ್ನು ಒತ್ತಿದರೆ ವೇಗ ಇದ್ದಲ್ಲೇ ಇರುತ್ತದೆ, ಕಂಟ್ರೋಲರ್ ತಿರುಗಿಸಿದರೆ ಎಂಜಿನ್ ಸದ್ದು ಮಾತ್ರ ಏರುತ್ತದೆ. ಭಾರದ ಗೂಡ್ಸ್ ಏರು ಹತ್ತುವ ಸೊಗಸು ಸಮತಟ್ಟಾದ ಹಲಗೆಯ ಮೇಲೇ ಸಿಗುತ್ತದೆ.

ಸ್ಪೀಕರಿನಲ್ಲಿ ಒಂದು ತಪ್ಪು ಮಾಡಿದೆ. ಮೊಬೈಲಿನೊಳಗೆ ಇರುವಂಥದ್ದೇ 11 x 15 ಮಿಲಿಮೀಟರಿನ ಪುಟ್ಟ ಸ್ಪೀಕರನ್ನು ಡಬ್ಬಿಯಿಲ್ಲದೆ ಅಂಟಿಸಿದ್ದೆ. ಸೊಳ್ಳೆ ಹಾಡಿದ ಹಾಗಿತ್ತು. ಸ್ಪೀಕರಿನ ಹಿಂದಿನ ಗಾಳಿ ಮುಂದಿನದನ್ನು ಸೇರಿದರೆ ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಕೂರಿಸಿ ಅಂಚೆಲ್ಲ ಅಂಟಿನಿಂದ ಮುಚ್ಚಿದ ಮೇಲೆ ಅದೇ ಸ್ಪೀಕರ್ ಮೇಜು ನಡುಗಿಸಿತು. ಡಿಕೋಡರಿನ ಒಂದೊಂದು ಸೆಟ್ಟಿಂಗಿಗೂ ಸಿವಿ ಎಂಬ ಕ್ರಮಸಂಖ್ಯೆ ಇದೆ, ಒಟ್ಟು ಸದ್ದಿನದು ಸಿವಿ 63. ಈಗ ಅದರ ಮೌಲ್ಯವನ್ನು 60ರ ಆಸುಪಾಸಿಗೆ ಇಳಿಸಿಟ್ಟಿದ್ದೇನೆ, ಇಲ್ಲದಿದ್ದರೆ ರಾತ್ರಿ ಓಡಿಸುವಂತಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಒಂದು ಪುಟ್ಟ ಉಗಿ ಟ್ಯಾಂಕ್ ಎಂಜಿನ್ನಿನಲ್ಲಿ. ಶಂಟರಿನಂತೆ ಇದಕ್ಕೂ ಮೂರೇ ಅಚ್ಚು, ಇದೂ ಮೊದಲು ಪಾಯಿಂಟ್ ಮೇಲೆ ಸಾಯುತ್ತಿತ್ತು. ಒಳಗೆ ಲೋಕ್‌ಸೌಂಡ್ 5 ಮೈಕ್ರೋ, ಕಲ್ಲಿದ್ದಲ ಗೂಡಿನ ಕೆಳಗೆ ಕೆಪಾಸಿಟರಿನ ಪವರ್‌ಪ್ಯಾಕ್. ಬೆಸೆಯಬೇಕಾದ ಜಾಗ ಸಾಸಿವೆ ಕಾಳಿನಷ್ಟು. ಆ ಯತ್ನದಲ್ಲೇ ಮೋಟರಿನ ಕಿತ್ತಳೆ ತಂತಿ ಹಳಿಯ ಕೆಂಪು ತಂತಿಗೆ ತಗುಲಿ ಒಂದು ಡಿಕೋಡರ್ ಸುಟ್ಟೆ, ತಪ್ಪು ನನ್ನದೇ. ಎರಡನೆಯದು ಕೂತಿತು. ಎರಡು ಸಿಲಿಂಡರಿನ ಉಗಿ ಎಂಜಿನ್ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಚಕ್ ಎನ್ನಬೇಕು. ಅದನ್ನು ಹೊಂದಿಸಲು ಒಂದು ಸಂಜೆ ಹೋಯಿತು. ಆಮೇಲೆ ಯಾರ್ಡಿನ ಪ್ಲಾಸ್ಟಿಕ್ ಪಾಯಿಂಟ್‌ಗಳ ಮೇಲೆ, ಒರೆಸದ ಹಳಿಯ ಮೇಲೆ, ಆಮೆಯ ವೇಗದಲ್ಲಿ ಬಿಟ್ಟೆ. ಒಂದು ಚಕ್ ಕೂಡ ತಪ್ಪಲಿಲ್ಲ.

ಪವರ್‌ಪ್ಯಾಕಿಗೂ ಅದರದ್ದೇ ಚೇಷ್ಟೆ ಇದೆ. ಡಿಜಿಟಲ್ ಸಂಕೇತ ನಿಂತು ಹಳಿಯಲ್ಲಿ ಬರೀ ಡಿಸಿ ಇದೆ ಎಂದು ಡಿಕೋಡರ್ ಭ್ರಮಿಸಿದರೆ ಎಂಜಿನ್ ಓಟ ಕಿತ್ತುಬಿಡಬಹುದು. ಸಿವಿ 29ರ ಮೌಲ್ಯದಲ್ಲಿ ಡಿಸಿ ಓಟಕ್ಕೆ ಸೇರಿರುವ 4 ಅನ್ನು ಕಳೆದು ಬರೆಯಿರಿ, ಆ ಕಾಟ ತಪ್ಪುತ್ತದೆ. ಕೆಪಾಸಿಟರ್ ತುಂಬಿಕೊಳ್ಳಲು ಕರೆಂಟ್ ಎಳೆಯುವುದರಿಂದ ಕೆಲವು ಕಂಟ್ರೋಲರುಗಳ ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದಲು ಬರುವುದಿಲ್ಲ. ಆದ್ದರಿಂದ ಸೆಟ್ಟಿಂಗ್ ಎಲ್ಲ ಮುಗಿಸಿ ಕೊನೆಗೆ ಅದನ್ನು ಬೆಸೆಯುವುದು ವಾಸಿ.

ಹಲಗೆಯ ಕೆಳಗೆ ದೊಡ್ಡ ಸ್ಪೀಕರ್ ಇಟ್ಟು ಅಲ್ಲಿಂದಲೇ ಸದ್ದು ಬಿಡುವ ಉಪಾಯವನ್ನೂ ನೋಡಿದೆ: ರೈಲು ಎಡಕ್ಕೆ ಹೋದರೂ ಸದ್ದು ಬಲದಲ್ಲೇ.

ಹಳೆಯ ಎಂಜಿನ್ ಕೊಳ್ಳುವವರು, ಡಿಕೋಡರ್ ತಯಾರಿಸಿದ ಕಂಪನಿಯ ಸಂಖ್ಯೆ ಇರುವ ಸಿವಿ 8 ಓದಿಸಿ ನೋಡಿ. 151 ಬಂದರೆ ಒಳಗಿರುವುದು ಇಎಸ್‌ಯು, 145 ಬಂದರೆ ಝಿಮೋ.

ನಾನು ಓಡಿಸುವುದು ರಾತ್ರಿ ಒಂದು ಗಂಟೆ, ಹೆಚ್ಚಿನದು ಯಾರ್ಡಿನಲ್ಲಿ ವ್ಯಾಗನ್ ಎಳೆದಾಡುವ ನಿಧಾನದ ಕೆಲಸ. ಹಳಿ ಒರೆಸುವ ಶಿಸ್ತು ನನ್ನಲ್ಲಿಲ್ಲ. ಹೀಗಿರುವಾಗ ಪವರ್‌ಪ್ಯಾಕ್ ಹಾಕಲು ಜಾಗವಿಲ್ಲದ ಎಂಜಿನ್ ನನಗೆ ಎಷ್ಟು ಚೆನ್ನಾಗಿ ಹಾಡಿದರೂ ವ್ಯರ್ಥ. ದುಡ್ಡಿನ ಲೆಕ್ಕದಲ್ಲಿ ಲೋಕ್‌ಪ್ರೋಗ್ರಾಮರ್ ಒಂದೇ ಎಂಜಿನ್ನಿಗಾದರೆ ದುಬಾರಿ. ನಾವು ಇಬ್ಬರು ಗೆಳೆಯರು ಸೇರಿ ಕೊಂಡೆವು, ಐದು ಎಂಜಿನ್ ಮುಗಿಸಿದೆವು, ಈಗ ಆ ಖರ್ಚು ನೆನಪಾಗುವುದಿಲ್ಲ. ಸುತ್ತು ಹಳಿಯಲ್ಲಿ ಮಕ್ಕಳ ಖುಷಿಗೆ ಉದ್ದದ ಎಂಜಿನ್ ಓಡಿಸುವವರು ಅಗ್ಗದ ಡಿಕೋಡರನ್ನೇ ಹಾಕಿ, ಹಾರ್ನ್ ಚೆನ್ನಾಗಿದೆ. ಸೋಲ್ಡರ್ ಹಿಡಿದರೆ ಕೈ ನಡುಗುವವರು, ಹಲಗೆಯಲ್ಲಿ ಲೋಹದ ಫ್ರಾಗ್ ಇದ್ದರೆ, ಕಾರ್ಖಾನೆಯದ್ದನ್ನು ಕೊಳ್ಳಿ.

ನನ್ನ ಶಂಟರ್ ಈಗ ಅಂಚಿನ ಆ ಮೂರು ಪಾಯಿಂಟ್‌ಗಳ ಆಚೆ ಈಚೆ ಮಾತ್ರ ಓಡಾಡುತ್ತದೆ. ಒಳಗಿನ ಯಾರ್ಡಿನ ಕೆಲಸವೆಲ್ಲ ಟ್ಯಾಂಕ್ ಎಂಜಿನ್ನಿನದು.