ಸೈಕಲ್ ವಿಡಿಯೊ ಮೇಲೆ ಏರು, ವೇಗ, ಎದೆಬಡಿತ: ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಂದಿ ಬೆಟ್ಟ ಹತ್ತಿದ ವಿಡಿಯೊ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಇಷ್ಟು ನಿಧಾನ ಯಾಕೆ ಹೋಗ್ತಿದ್ದೀರಾ?" ತಪ್ಪು ಅವರದಲ್ಲ. ಆ್ಯಕ್ಷನ್ ಕ್ಯಾಮೆರಾದ ಅಗಲ ಲೆನ್ಸು ಏರನ್ನೆಲ್ಲ ಚಪ್ಪಟೆ ಮಾಡಿಬಿಡುತ್ತದೆ. ಏದುಸಿರು ಬಂದ ಜಾಗವೂ ಮಾಮೂಲಿ ರಸ್ತೆಯಂತೆ ಕಾಣುತ್ತದೆ. ಪರದೆಯ ಮೂಲೆಯಲ್ಲಿ ಏರು ಇಷ್ಟು ಪರ್ಸೆಂಟ್, ಎದೆಬಡಿತ ಇಷ್ಟು ಅಂತ ಬಂದರೆ ಮಾತ್ರ ವಿಷಯ ಅರ್ಥವಾಗುತ್ತದೆ.

ಇದಕ್ಕೆ ನಾನು ಗಂಭೀರವಾಗಿ ಬಳಸಿ ನೋಡಿದ್ದು ಮೂರು: ಗಾರ್ಮಿನ್ ವರ್ಬ್ ಎಡಿಟ್, ಟೆಲಿಮೆಟ್ರಿ ಓವರ್‌ಲೇ, ಗೋಪ್ರೊ ಡ್ಯಾಶ್‌ಬೋರ್ಡ್ ಓವರ್‌ಲೇ. ಮೂರಕ್ಕೂ ಒಂದೇ ರೈಡ್ ಕೊಟ್ಟೆ. ಹ್ಯಾಂಡಲ್‌ಬಾರ್ ಮೇಲಿನ ಗೋಪ್ರೊ ವಿಡಿಯೊ, ಜೊತೆಗೆ ಸೈಕಲ್ ಕಂಪ್ಯೂಟರ್‌ನ (ವೇಗ, ದೂರ ತೋರಿಸುವ ಪುಟ್ಟ ಸಾಧನ) ಫಿಟ್ ಫೈಲ್, ಅಂದರೆ ಅದು ರೈಡ್‌ನ ಡೇಟಾ ಬರೆದಿಡುವ ಫೈಲ್.

ಸಾಫ್ಟ್‌ವೇರ್‌ಗಿಂತ ಮೊದಲು ಡೇಟಾ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಬೇಕು. ಗೋಪ್ರೊ ಹೀರೊ 5 ಬ್ಲ್ಯಾಕ್‌ನಿಂದ 11ರವರೆಗಿನ ಬ್ಲ್ಯಾಕ್ ಮಾಡೆಲ್‌ಗಳಲ್ಲಿ ಜಿಪಿಎಸ್ ಇದೆ. 12ರಲ್ಲಿ ತೆಗೆದರು, 13ರಲ್ಲಿ ಮತ್ತೆ ತಂದರು. ಆ ಡೇಟಾ ವಿಡಿಯೊ ಫೈಲ್ ಒಳಗೇ ಇರುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಸೆಕೆಂಡಿಗೆ ಸುಮಾರು 18 ಸಲ ದಾಖಲಾಗುತ್ತದೆ. ಸೈಕಲ್ ಕಂಪ್ಯೂಟರ್ ದಾಖಲಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ. ಹಾಗಂತ ಕ್ಯಾಮೆರಾ ಡೇಟಾನೇ ಮೇಲು ಅಂದುಕೊಳ್ಳಬೇಡಿ. ಅದರಲ್ಲಿ ಎದೆಬಡಿತ ಇಲ್ಲ, ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಸುತ್ತು ಪೆಡಲ್) ಇಲ್ಲ, ವಾಟ್ಸ್ (ತುಳಿಯುವ ಶಕ್ತಿ) ಇಲ್ಲ. ಎತ್ತರವಂತೂ ಜಿಪಿಎಸ್ ಲೆಕ್ಕದ್ದು. ಮರ, ಬಂಡೆ ಇರುವ ತಿರುವುಗಳಲ್ಲಿ ಅದು ಮೇಲೆ ಕೆಳಗೆ ಕುಣಿಯುತ್ತದೆ. ಹತ್ತುತ್ತಿರುವಾಗಲೇ ಪರದೆ ಮೇಲೆ ಮೈನಸ್ 3 ಪರ್ಸೆಂಟ್ ಅಂತ ಬಂದರೆ ನೋಡಿದವರು ನಗುತ್ತಾರೆ.

ಒಳ್ಳೆಯ ಸೈಕಲ್ ಕಂಪ್ಯೂಟರ್‌ನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಅದರ ಏರಿನ ಲೆಕ್ಕ ನಯವಾಗಿ ಬರುತ್ತದೆ, ಆದರೆ ತುಸು ತಡ. ಹೇರ್‌ಪಿನ್ ತಿರುವಿನ ಒಳಮಗ್ಗುಲಲ್ಲಿ ಎದ್ದು ನಿಂತು ತುಳಿದು ಮುಗಿಸಿ, ಆಚೆಯ ಸಮ ರಸ್ತೆಗೆ ಬಂದು ಕೂತ ಮೇಲೆ ಸಂಖ್ಯೆ 11 ತೋರಿಸುತ್ತದೆ. ಎದೆಬಡಿತವೂ ಹಾಗೇ, ಶ್ರಮದ ಹಿಂದೆ ನಿಧಾನವಾಗಿ ಏರುತ್ತದೆ. ಇದು ಸಾಫ್ಟ್‌ವೇರ್ ಕೈಲಿಲ್ಲ. ಬೇಕಿದ್ದರೆ ಏರಿನ ಡೇಟಾವನ್ನು ನಾಲ್ಕೈದು ಸೆಕೆಂಡು ಮುಂಚೆ ಎಳೆದುಕೊಳ್ಳಬಹುದು. ನಾನು ಎಳೆಯುತ್ತೇನೆ. ಅದು ಮೋಸ ಅನ್ನುವವರೂ ಇದ್ದಾರೆ, ಇರಲಿ.

ಈಗ ವರ್ಬ್ ಎಡಿಟ್. ಗಾರ್ಮಿನ್ ತನ್ನ ವರ್ಬ್ ಕ್ಯಾಮೆರಾಗಳಿಗಾಗಿ ಮಾಡಿ ಪುಕ್ಕಟೆ ಕೊಟ್ಟಿದ್ದು. ಆ ಕ್ಯಾಮೆರಾಗಳೇ ನಿಂತುಹೋಗಿವೆ, ಸಾಫ್ಟ್‌ವೇರ್‌ಗೂ ಹೊಸ ಅಪ್‌ಡೇಟ್ ಇಲ್ಲ. ಆದರೂ ಅದರ ಮೀಟರ್‌ಗಳ ಅಂದ ಇವತ್ತಿಗೂ ಚೆನ್ನ. ಫಿಟ್ ಫೈಲ್ ಗಾರ್ಮಿನ್‌ನವರದ್ದೇ ಆದ್ದರಿಂದ ತಕರಾರಿಲ್ಲದೆ ಓದುತ್ತದೆ. ಒಂದು ಕಡೆ ವಿಡಿಯೊ, ಇನ್ನೊಂದು ಕಡೆ ಮ್ಯಾಪ್ ಇಟ್ಟುಕೊಂಡು ಕಣ್ಣಳತೆಯಲ್ಲೇ ಹೊಂದಿಸಬಹುದು. ಹೊಸ ಕ್ಯಾಮೆರಾಗಳ ಎಚ್‌ಇವಿಸಿ ಅನ್ನುವ ಹೊಸ ಬಗೆಯ ವಿಡಿಯೊ ಇದ್ದರೆ ಮೊದಲು ಹಳೆಯ ಬಗೆಯ ಎಚ್.264ಗೆ ಬದಲಿಸಿಕೊಂಡು ಹೋಗುವುದು ಕ್ಷೇಮ. ಗಂಟೆಗಟ್ಟಲೆ ವಿಡಿಯೊ ಇರುವವರಿಗೆ ಅದೇ ಒಂದು ದೊಡ್ಡ ಕೆಲಸ. ಹೊಸದಾಗಿ ಶುರು ಮಾಡುವವರಿಗೆ ಇದನ್ನು ಹೇಳುವುದಿಲ್ಲ.

ಟೆಲಿಮೆಟ್ರಿ ಓವರ್‌ಲೇ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ದುಡ್ಡಿಗೆ ಸಿಗುವುದೇನು? ಮುಖ್ಯವಾಗಿ ಹೊಂದಿಸುವ ಸುಖ.

ನಮ್ಮ ಕಡೆಯವರಿಗೆ ಈ ಹೊಂದಾಣಿಕೆಯಲ್ಲೇ ಒಂದು ವಿಶೇಷ ಗೋಳಿದೆ. ಫಿಟ್, ಜಿಪಿಎಕ್ಸ್ (ದಾರಿಯ ದಾಖಲೆಯ ಇನ್ನೊಂದು ಬಗೆಯ ಫೈಲ್) ಎರಡರಲ್ಲೂ ಸಮಯ ಬರೆಯುವುದು ಗ್ರೀನಿಚ್ ಲೆಕ್ಕದಲ್ಲಿ. ಬಹಳಷ್ಟು ಕ್ಯಾಮೆರಾಗಳು ಫೈಲ್ ಮೇಲೆ ಬರೆಯುವುದು ನಮ್ಮ ಗಡಿಯಾರದ ಸಮಯ. ನಡುವೆ ಐದೂವರೆ ಗಂಟೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ 5ಕ್ಕೆ ಹೊರಟರೆ ಫಿಟ್ ಫೈಲ್‌ನಲ್ಲಿ ಅದು ಶನಿವಾರ ರಾತ್ರಿ 11.30! ತಾರೀಖೇ ಬೇರೆ. ಸಾಫ್ಟ್‌ವೇರ್ ಕೇವಲ ಗಡಿಯಾರ ನಂಬಿದರೆ ಎರಡೂ ಎಲ್ಲೂ ಕೂಡುವುದಿಲ್ಲ. ಕ್ಯಾಮೆರಾದಲ್ಲಿ ಜಿಪಿಎಸ್ ಇದ್ದರೆ ಈ ಕಾಟ ಕಡಿಮೆ, ಯಾಕೆಂದರೆ ಸಮಯವೂ ಉಪಗ್ರಹದಿಂದಲೇ ಬರುತ್ತದೆ. ಹೀರೊ 12ರಂಥ ಜಿಪಿಎಸ್ ಇಲ್ಲದ ಕ್ಯಾಮೆರಾ ಆದರೆ ಕೈಯಲ್ಲೇ ಸರಿಸಬೇಕು. ಟೆಲಿಮೆಟ್ರಿ ಓವರ್‌ಲೇಯಲ್ಲಿ ಡೇಟಾವನ್ನು ಹಿಂದೆ ಮುಂದೆ ಜರುಗಿಸುತ್ತಾ ಅಲ್ಲೇ ಫಲಿತಾಂಶ ನೋಡಬಹುದು.

ನನ್ನ ಉಪಾಯ ರೋಡ್ ಹಂಪ್. ದೇವನಹಳ್ಳಿ ದಾಟಿದ ಮೇಲೆ ಊರಿಗೊಂದು ಇದ್ದೇ ಇದೆ. ಮುಂದಿನ ಚಕ್ರ ಹಂಪ್ ಏರುವ ಫ್ರೇಮ್ ಹಿಡಿಯಿರಿ, ವೇಗದ ಗ್ರಾಫ್‌ನಲ್ಲಿ ಗುಂಡಿ ಬಿದ್ದ ಜಾಗ ಅದಕ್ಕೆ ಕೂರಿಸಿ. ಆಮೇಲೆ ಅರ್ಧ ಗಂಟೆ ದೂರದ ಇನ್ನೊಂದು ಹಂಪ್‌ನಲ್ಲಿ ಸರಿ ಇದೆಯಾ ನೋಡಿ. ಸೈಕಲ್ ಕಂಪ್ಯೂಟರ್‌ನ ಆಟೊ ಪಾಜ್ (ನಿಂತಾಗ ದಾಖಲೆ ತಾನೇ ನಿಲ್ಲುವುದು) ಮಾತ್ರ ಆಫ್ ಇರಲಿ. ಅದು ಆನ್ ಇದ್ದರೆ ಸಿಗ್ನಲ್‌ನಲ್ಲಿ ನಿಂತ ಹೊತ್ತಿನ ದಾಖಲೆಯೇ ಇರುವುದಿಲ್ಲ. ಆ ಖಾಲಿ ಜಾಗದಲ್ಲಿ ಕಾಲು ನೆಲದ ಮೇಲಿದ್ದರೂ ಮೀಟರ್‌ನಲ್ಲಿ ಹಳೆಯ ವೇಗ ಹಾಗೇ ನಿಂತಿರಬಹುದು.

ಮೂರನೆಯ ಗೋಪ್ರೊ ಡ್ಯಾಶ್‌ಬೋರ್ಡ್ ಓವರ್‌ಲೇ ಪೈಥಾನ್‌ನಲ್ಲಿ ಬರೆದ ಓಪನ್ ಸೋರ್ಸ್ ಪ್ರೋಗ್ರಾಂ. ಕಿಟಕಿ, ಬಟನ್ ಯಾವುದೂ ಇಲ್ಲ, ಎಲ್ಲ ಕಮಾಂಡ್ ಲೈನ್, ಅಂದರೆ ಆದೇಶ ಟೈಪ್ ಮಾಡಿಯೇ ನಡೆಸಬೇಕು. ಲಿನಕ್ಸ್ ಗೊತ್ತಿದ್ದವರಿಗೆ ಹಬ್ಬ, ಉಳಿದವರಿಗೆ ತಲೆನೋವು. ಗೋಪ್ರೊ ಒಳಗಿನ ಜಿಪಿಎಸ್ ಜೊತೆಗೆ ಫಿಟ್ ಫೈಲ್‌ನ ಎದೆಬಡಿತ, ಕೇಡೆನ್ಸ್, ವಾಟ್ಸ್ ಬೆರೆಸಿ ಕೊಡುವುದು ಇದರ ಹೆಚ್ಚುಗಾರಿಕೆ. ಎರಡರ ಒಳ್ಳೆಯದೂ ಸಿಗುತ್ತದೆ. ಒಮ್ಮೆ ಕಮಾಂಡ್ ಬರೆದಿಟ್ಟರೆ ಮುಂದಿನ ವಾರವೂ ಅದೇ ನಡೆಯುತ್ತದೆ. ರಾತ್ರಿ ಬಿಟ್ಟು ಮಲಗಿದರಾಯಿತು.

ಕೆಲವು ಡಿಫಾಲ್ಟ್‌ಗಳನ್ನು ಮಾತ್ರ ಮೊದಲೇ ಬದಲಿಸಬೇಕು. ವೇಗ ಮೈಲಿಯಲ್ಲಿ ಬರುತ್ತದೆ, ಕಿಲೋಮೀಟರ್ ಬೇಕು ಅಂತ ಹೇಳಬೇಕು. ಗಂಟೆಗೆ 60 ಕಿಲೋಮೀಟರ್ ದಾಟಿದ ಜಿಪಿಎಸ್ ದಾಖಲೆಯನ್ನು ಅದು ತಪ್ಪು ಸಿಗ್ನಲ್ ಅಂತ ಬದಿಗಿಡುತ್ತದೆ. ಹತ್ತುವಾಗ ಈ ಮಿತಿಯಿಂದ ಏನೂ ಆಗುವುದಿಲ್ಲ. ಇಳಿಯುವಾಗ ಬ್ರೇಕ್ ಬಿಟ್ಟರೆ ಆಗುತ್ತದೆ. ಆ ಮಿತಿ ಏರಿಸಿಕೊಳ್ಳಿ (ಬ್ರೇಕ್ ಬಿಡಿ ಅಂತ ಹೇಳುತ್ತಿಲ್ಲ). ಇನ್ನು ಮೀಟರ್ ಕೆಳಗೆ ಕನ್ನಡದಲ್ಲೇ ಹೆಸರು ಬೇಕೆಂದರೆ ಅದರ ಜೊತೆ ಬಳಸುವ ರೊಬೊಟೊ ಫಾಂಟ್ ಸಾಲದು, ಬರೀ ಚೌಕ ಬರುತ್ತದೆ. ನೋಟೊ ಸಾನ್ಸ್ ಕನ್ನಡ ಕೊಡಬೇಕು. ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿಯೂ ಇರಬೇಕು, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. "ಹೃದಯ" "ಶಕ್ತಿ" ಅಂತೆಲ್ಲ ಒದ್ದಾಡುವ ಬದಲು "ವೇಗ" "ಏರು" ಅಂತ ಇಟ್ಟರೆ ಕೆಲಸ ಸಲೀಸು.

ಫೋನ್ ಆ್ಯಪ್‌ಗಳೂ ಇವೆ. ಇನ್‌ಸ್ಟಾ360 ಆ್ಯಪ್ ಹೊರಗಿನ ರೈಡ್ ಡೇಟಾ ತಂದು ಅಂಟಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಅರ್ಧ ನಿಮಿಷದ ತುಣುಕು ಹಾಕಲು ಅದೇ ಸಾಕು. ಆದರೆ ಆ ಕ್ಯಾಮೆರಾದಲ್ಲೇ ತೆಗೆದ ವಿಡಿಯೊ ಆಗಿದ್ದರೆ ಚೆನ್ನ.

ಎಡಿಟ್ ಮಾಡುವವರಿಗೆ ಒಂದು ಮಾತು. ಗೋಪ್ರೊ ವಿಡಿಯೊವನ್ನು ಮೊದಲು ಎಡಿಟರ್‌ಗೆ ಹಾಕಿ, ಕತ್ತರಿಸಿ, ಹೊಸ ಫೈಲ್ ಮಾಡಿದರೆ ಒಳಗಿನ ಜಿಪಿಎಸ್ ಡೇಟಾ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಅದಕ್ಕೆ ಮೂಲ ಫೈಲ್‌ನಿಂದ ಮೀಟರ್‌ಗಳನ್ನಷ್ಟೇ ಹಿನ್ನೆಲೆ ಇಲ್ಲದ ವಿಡಿಯೊ ಆಗಿ ತೆಗೆದು, ಎಡಿಟರ್‌ನಲ್ಲಿ ಮೇಲಿನ ಪದರವಾಗಿ ಹಾಕುವುದು ಜಾಣತನ. ಟೆಲಿಮೆಟ್ರಿ ಓವರ್‌ಲೇ, ಡ್ಯಾಶ್‌ಬೋರ್ಡ್ ಓವರ್‌ಲೇ ಎರಡರಲ್ಲೂ ಇದು ಆಗುತ್ತದೆ. ಫೈಲ್ ಮಾತ್ರ ಭಯಂಕರ ದೊಡ್ಡದು, ಡಿಸ್ಕ್‌ನಲ್ಲಿ ಜಾಗ ನೋಡಿಕೊಳ್ಳಿ.

ನಾನು ಉಳಿಸಿಕೊಂಡಿದ್ದು ಡ್ಯಾಶ್‌ಬೋರ್ಡ್ ಓವರ್‌ಲೇ. ಕಮಾಂಡ್ ಲೈನ್ ಕಂಡರೆ ಆಗದ ಗೆಳೆಯರಿಗೆ, ಜಿಪಿಎಸ್ ಇಲ್ಲದ ಕ್ಯಾಮೆರಾ ಇದ್ದವರಿಗೆ ಟೆಲಿಮೆಟ್ರಿ ಓವರ್‌ಲೇ ತಗೊಳ್ಳಿ ಅನ್ನುತ್ತೇನೆ. ಯಾವುದೇ ಆಗಲಿ, ಪರದೆ ತುಂಬ ಮೀಟರ್ ತುರುಕಬೇಡಿ. ಏರು, ವೇಗ, ಎದೆಬಡಿತ ಸಾಕು. ವಾಟ್ಸ್ ನೋಡಿ ಖುಷಿಪಡುವವರು ನಮ್ಮಂಥ ನಾಲ್ಕು ಜನ, ಅಲ್ವಾ? ಮ್ಯಾಪ್ ಹಾಕುವುದಾದರೆ ರೈಡ್ ಶುರುವಾಗುವ ಜಾಗ, ಅಂದರೆ ನಿಮ್ಮ ಮನೆ, ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಲಕ್ಷಾಂತರ ರೂಪಾಯಿಯ ಸೈಕಲ್ ಇದ್ದರಂತೂ ಹುಷಾರು. ಡ್ಯಾಶ್‌ಬೋರ್ಡ್ ಓವರ್‌ಲೇಯಲ್ಲಿ ಅಕ್ಷಾಂಶ, ರೇಖಾಂಶ, ಎಷ್ಟು ಕಿಲೋಮೀಟರ್ ಅಂತ ಕೊಟ್ಟರೆ ಅಲ್ಲಿಂದ ಅಷ್ಟು ದೂರದೊಳಗಿನ ದಾರಿಯನ್ನು ಮರೆಮಾಡುತ್ತದೆ. ಉಳಿದವುಗಳಲ್ಲಿ ಮೊದಲ ಒಂದೆರಡು ಕಿಲೋಮೀಟರ್ ಕತ್ತರಿಸಿಯೇ ಜಿಪಿಎಕ್ಸ್ ಕೊಡಿ.